ಕ್ಯಾಥೊಲಿಕ್ ವಿಶ್ವವಿದ್ಯಾಲಯದ ನೌಕರರಿಗೊಂದು ಅಧ್ಯಾತ್ಮ ಓದುಕೂಟ: ಅರ್ಜಿಯಿಂದ ಮೊದಲ ವರ್ಷದ ಕೊನೆಯವರೆಗೆ

ಅಮೆರಿಕದ ಮಧ್ಯಪಶ್ಚಿಮ ಭಾಗದಲ್ಲಿ ಜೆಸ್ವಿಟರೆಂಬ ಕ್ಯಾಥೊಲಿಕ್ ಪಾದ್ರಿಗಳ ಸಂಘಕ್ಕೆ ಸೇರಿದ ವಿಶ್ವವಿದ್ಯಾಲಯವೊಂದರ ಗ್ರಂಥಾಲಯದಲ್ಲಿ ನಾನು ಕೆಲಸ ಮಾಡುತ್ತಿದ್ದೇನೆ. ಅಲ್ಲಿನ ನೌಕರರು ಒಟ್ಟಿಗೆ ಕುಳಿತು ಅಧ್ಯಾತ್ಮದ ಪುಸ್ತಕಗಳನ್ನು ಓದಿ ಮಾತನಾಡುವ ಕೂಟವೊಂದಕ್ಕಾಗಿ ನಾವು ಕೆಲವರು ಕಳೆದ ವರ್ಷದ ವಸಂತದಲ್ಲಿ ಅರ್ಜಿ ಹಾಕಿದ್ದೆವು. ಈ ವರ್ಷದ ಪದವಿ ಪ್ರದಾನ ಸಮಾರಂಭಕ್ಕೆ ಸ್ವಲ್ಪ ಮೊದಲು ಕೂಟದ ಮೊದಲ ವರ್ಷ ಮುಗಿಯಿತು. ಒಂದು ಪುಸ್ತಕ ಓದುವುದಕ್ಕೆ ಇಷ್ಟು ಕಚೇರಿಗಳ ಒಪ್ಪಿಗೆ ಬೇಕಾಗುತ್ತದೆಂದು ಆರಂಭದಲ್ಲಿ ನಮಗೆ ಯಾರೂ ಹೇಳಿರಲಿಲ್ಲ. ಬೇರೆ ಊರುಗಳ ಕ್ಯಾಥೊಲಿಕ್ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಕೆಲಸ ಮಾಡುವ ಕನ್ನಡಿಗ ಗೆಳೆಯರು ಇದನ್ನು ಕೇಳಿ ತಮ್ಮಲ್ಲಿಯೂ ಇಂಥದೊಂದು ಕೂಟ ಮಾಡಬಹುದೇ, ಕ್ರೈಸ್ತರಲ್ಲದವರು ಮುಂದಾಳತ್ವ ವಹಿಸಬಹುದೇ ಎಂದು ವಿಚಾರಿಸುತ್ತಿರುವುದರಿಂದ, ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ.

ಅಮೆರಿಕದಲ್ಲಿ ಇನ್ನೂರಕ್ಕೂ ಹೆಚ್ಚು ಕ್ಯಾಥೊಲಿಕ್ ಉನ್ನತ ಶಿಕ್ಷಣ ಸಂಸ್ಥೆಗಳಿವೆ. ಅವುಗಳಲ್ಲಿ 27 ಜೆಸ್ವಿಟರವು; 1789ರಲ್ಲಿ ಸ್ಥಾಪನೆಯಾದ ಜಾರ್ಜ್‌ಟೌನ್ ಎಲ್ಲಕ್ಕಿಂತ ಹಳೆಯದು. ಒಂದು ಕಾಲದಲ್ಲಿ ತರಗತಿಯಿಂದ ಹಿಡಿದು ಆಡಳಿತದವರೆಗೆ ಎಲ್ಲೆಲ್ಲೂ ಪಾದ್ರಿಗಳೇ ಇರುತ್ತಿದ್ದ ಈ ಸಂಸ್ಥೆಗಳಲ್ಲಿ ಈಗ ಅವರ ಸಂಖ್ಯೆ ಬಹಳ ಕಡಿಮೆಯಾಗಿದೆ. ಸಂಸ್ಥೆಯ ಧ್ಯೇಯವನ್ನು ನಾನಾ ಧರ್ಮಗಳಿಗೆ ಸೇರಿದ, ಯಾವ ಧರ್ಮಕ್ಕೂ ಸೇರದ ಸಾಮಾನ್ಯ ನೌಕರರೇ ಹೊತ್ತು ನಡೆಸಬೇಕಾಗಿದೆ. ಆದ್ದರಿಂದ ಬಹುತೇಕ ಕಡೆ 'ಮಿಷನ್' ಎಂಬ ಹೆಸರಿನ ಕಚೇರಿಯೊಂದು ಇರುತ್ತದೆ. ನೌಕರರಿಗೆ ಸಂಸ್ಥೆಯ ಆಧ್ಯಾತ್ಮಿಕ ಪರಂಪರೆಯನ್ನು ಪರಿಚಯಿಸುವುದು ಅದರ ಕೆಲಸ, ಪುಸ್ತಕ ಕೂಟಗಳು ಅದರ ಮೆಚ್ಚಿನ ದಾರಿ. ಕಚೇರಿಯೇ ಪುಸ್ತಕ ಕೊಂಡು ಕೊಡುತ್ತದೆ, ಮಧ್ಯಾಹ್ನದ ಊಟದ ಹೊತ್ತಿಗೆ ಸಭೆ ಸೇರುತ್ತದೆ.

ಜೆಸ್ವಿಟರ ಮಟ್ಟಿಗೆ ಇದಕ್ಕೊಂದು ಹಿನ್ನೆಲೆಯೂ ಇದೆ. ಅವರ ಸಂಘದ ಸ್ಥಾಪಕ ಇಗ್ನೇಷಿಯಸ್ ಲೊಯೋಲ ಮೊದಲು ಯೋಧ. 1521ರಲ್ಲಿ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡಿಗೆ ಕಾಲು ಮುರಿದುಕೊಂಡು ಹಾಸಿಗೆ ಹಿಡಿದ ಆತ ಓದಲು ವೀರಗಾಥೆಗಳನ್ನು ಕೇಳಿದ. ಮನೆಯಲ್ಲಿ ಅವು ಇರಲಿಲ್ಲ. ಕ್ರಿಸ್ತನ ಜೀವನಚರಿತ್ರೆ ಮತ್ತು ಸಂತರ ಕಥೆಗಳ ಪುಸ್ತಕಗಳಿದ್ದವು. ಅವನ್ನೇ ಮತ್ತೆ ಮತ್ತೆ ಓದಿ ಆತನ ಬಾಳಿನ ದಿಕ್ಕು ಬದಲಾಯಿತು. ನಮ್ಮ ಅರ್ಜಿಯ ಮೊದಲ ಪುಟದಲ್ಲಿ ಈ ಪ್ರಸಂಗವನ್ನೇ ಬರೆದೆವು. ಇಂಥ ಅರ್ಜಿ ಬರೆಯುವವರು ತಮ್ಮ ಸಂಸ್ಥೆಯನ್ನು ನಡೆಸುವ ಸಂಘ ಯಾವುದು, ಬೆನೆಡಿಕ್ಟರೋ ಫ್ರಾನ್ಸಿಸ್ಕನ್ನರೋ ಡೊಮಿನಿಕನ್ನರೋ ಎಂದು ತಿಳಿದು, ಆ ಪರಂಪರೆಯಿಂದಲೇ ಮಾತು ಆರಂಭಿಸುವುದು ಒಳ್ಳೆಯದು. ಓದುವವರಿಗೆ ಪರಿಚಿತವಾದ ನೆಲದ ಮೇಲೆ ನಿಂತು ಮಾತನಾಡಿದರೆ ಬೇಗ ಕಿವಿಗೊಡುತ್ತಾರೆ.

ಇದ್ದ ಕೂಟಗಳು ಸಾಲದೇ ಹೊಸದೊಂದು ಏಕೆ ಎಂಬ ಪ್ರಶ್ನೆ ಸಹಜ. ಅಂಥ ಕೂಟಗಳಲ್ಲಿ ನಾನು ಹಲವು ವರ್ಷ ಭಾಗವಹಿಸಿದ್ದೇನೆ, ಅವುಗಳಿಂದ ಬಹಳ ಪಡೆದಿದ್ದೇನೆ. ಆದರೆ ಅಲ್ಲಿಗೆ ಬರುತ್ತಿದ್ದವರು ಪ್ರಾಧ್ಯಾಪಕರು ಮತ್ತು ಕಚೇರಿಗಳ ಮುಖ್ಯಸ್ಥರು. ಅಡುಗೆಮನೆಯವರು, ಕಟ್ಟಡ ಗುಡಿಸಿ ಒರೆಸುವವರು, ಅಂಚೆ ಕೋಣೆಯವರು, ನನ್ನದೇ ಗ್ರಂಥಾಲಯದಲ್ಲಿ ಪುಸ್ತಕಗಳನ್ನು ಕಪಾಟಿಗೆ ಹಿಂತಿರುಗಿಸುವವರು ಒಬ್ಬರೂ ಇರುತ್ತಿರಲಿಲ್ಲ. ಅವರಿಗೆ ಆಸಕ್ತಿಯಿಲ್ಲವೆಂದು ಕೆಲವರು ನಂಬಿದ್ದರು. ನಾನು ನಂಬಲಿಲ್ಲ. ಗ್ರಂಥಾಲಯದ ಕೆಳ ಅಂತಸ್ತನ್ನು ಸ್ವಚ್ಛ ಮಾಡುವ ಮಹಿಳೆಯೊಬ್ಬರು ತಮ್ಮ ಸಾಮಾನಿನ ಗಾಡಿಯ ಕೊಕ್ಕೆಗೆ ತೂಗುಹಾಕಿದ ಚೀಲದಲ್ಲಿ ಸ್ಪ್ಯಾನಿಷ್ ಪ್ರಾರ್ಥನಾ ಪುಸ್ತಕವೊಂದನ್ನು ಇಟ್ಟುಕೊಂಡಿರುತ್ತಾರೆ. ಅದರ ಅಂಚುಗಳು ಸವೆದು ದುಂಡಗಾಗಿವೆ, ನಡುವೆ ಔಷಧದ ಅಂಗಡಿಯ ಚೀಟಿಗಳನ್ನು ಗುರುತಿಗಾಗಿ ಸಿಕ್ಕಿಸಿರುತ್ತಾರೆ. ಅಂಥವರು ಮಧ್ಯಾಹ್ನ ಹನ್ನೆರಡಕ್ಕೆ ಮೂರನೆಯ ಮಹಡಿಯ ಸಭಾಕೋಣೆಗೆ ಬರುವುದಿಲ್ಲವೆಂದರೆ ಕಾರಣ ಬೇರೆಡೆ ಇರಬೇಕು.

ಅರ್ಜಿ ನಮೂನೆ ಚಿಕ್ಕದು. ಉದ್ದೇಶ, ಪುಸ್ತಕಗಳ ಪಟ್ಟಿ, ಸಭೆಗಳ ವೇಳೆ, ಅಂದಾಜು ವೆಚ್ಚ, ಸಂಸ್ಥೆಯ ಧ್ಯೇಯಕ್ಕೆ ಇದರಿಂದ ಆಗುವ ಸಹಾಯ, ನಡೆಸುವವರ ಹೆಸರು ಮತ್ತು ಅವರ ವಿಭಾಗದ ಮುಖ್ಯಸ್ಥರ ಸಹಿ, ಇಷ್ಟೇ. ಎಲ್ಲವನ್ನೂ ತುಂಬಿ ಏಪ್ರಿಲ್ ಕೊನೆಯಲ್ಲಿ ಕಳುಹಿಸಿದೆವು. ಮೇ ಕಳೆಯಿತು, ಜೂನ್ ಕಳೆಯಿತು, ಉತ್ತರವಿಲ್ಲ. ಬೇಸಿಗೆಯಲ್ಲಿ ಅರ್ಧ ವಿಶ್ವವಿದ್ಯಾಲಯ ರಜೆಯಲ್ಲಿರುತ್ತದೆ. ಸಹಿ ಹಾಕಬೇಕಾದವರು ಧ್ಯಾನ ಶಿಬಿರಕ್ಕೋ ಊರಿಗೋ ಹೋಗಿರುತ್ತಾರೆ. ಆ ಮೌನವನ್ನು ನಿರಾಕರಣೆಯೆಂದೇ ಭಾವಿಸಿ ನಾನು ಬಹಳ ಕುಗ್ಗಿದ್ದೆ. ಮುಂದೆ ಅರ್ಜಿ ಹಾಕುವವರು ಮಾರ್ಚ್ ಒಳಗೆ ಕಳುಹಿಸಿದರೆ ಈ ಕಾಯುವಿಕೆ ತಪ್ಪುತ್ತದೆ.

ಜುಲೈಯಲ್ಲಿ ಮಿಷನ್ ಕಚೇರಿಯ ಫಾದರ್ ಮಾತುಕತೆಗೆ ಕರೆದರು. ಅವರ ಮನಸ್ಸಿನಲ್ಲಿದ್ದ ಪ್ರಶ್ನೆ ನೇರವಾದದ್ದು: ಲಿಂಗಾಯತ ಮನೆತನದಲ್ಲಿ ಹುಟ್ಟಿದವಳು ಕ್ಯಾಥೊಲಿಕ್ ಸಂಸ್ಥೆಯ ಅಧ್ಯಾತ್ಮ ಕೂಟವನ್ನು ನಡೆಸಿದರೆ, ಮತ್ತು ನಮ್ಮ ಪಟ್ಟಿಯಲ್ಲಿದ್ದಂತೆ ಎರಡನೆಯ ಸೆಮಿಸ್ಟರ್‌ನಲ್ಲಿ ವಚನಗಳನ್ನು ಓದಿದರೆ, ಕೂಟದ ಕ್ಯಾಥೊಲಿಕ್ ಸ್ವರೂಪ ಉಳಿಯುತ್ತದೆಯೇ? ಈ ಪ್ರಶ್ನೆಯಿಂದ ನನಗೆ ನೋವಾಗಲಿಲ್ಲ. ಸಂಸ್ಥೆಯನ್ನು ಪ್ರೀತಿಸುವ ಯಾರೂ ಕೇಳಬೇಕಾದ ಪ್ರಶ್ನೆ ಅದು. ಉತ್ತರ ಅವರ ಚರ್ಚಿನ ದಾಖಲೆಗಳಲ್ಲಿಯೇ ಇತ್ತು. ಇತರ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದ ಯಾವುದನ್ನೂ ಚರ್ಚ್ ತಿರಸ್ಕರಿಸುವುದಿಲ್ಲವೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರ ಘೋಷಣೆಯಲ್ಲಿ ಹೇಳಿದೆ. ಜೆಸ್ವಿಟರ 34ನೆಯ ಮಹಾಧಿವೇಶನ 1995ರಲ್ಲಿ ಅಂತರ್‌ಧರ್ಮೀಯ ಸಂವಾದಕ್ಕೆಂದೇ ಒಂದು ನಿರ್ಣಯ ಮಾಡಿದೆ. ಮೊದಲ ಸೆಮಿಸ್ಟರ್‌ಗೆ ನಾವು ಸೂಚಿಸಿದ್ದ 'ಲೌದಾತೊ ಸಿ' ಎಂಬ, ಪರಿಸರದ ಕಾಳಜಿಯ ಬಗೆಗಿನ ಪರಿಪತ್ರವನ್ನು ಪೋಪ್ ಫ್ರಾನ್ಸಿಸ್ 2015ರಲ್ಲಿ ಬರೆದದ್ದು. ಅದರ 233ನೆಯ ಖಂಡಿಕೆಯ ಅಡಿಟಿಪ್ಪಣಿಯಲ್ಲಿ ಅಲಿ ಅಲ್-ಖವ್ವಾಸ್ ಎಂಬ ಸೂಫಿಯ ಮಾತು ಬರುತ್ತದೆ. ಎಲೆಯಲ್ಲಿ, ಬೆಟ್ಟದ ಹಾದಿಯಲ್ಲಿ, ಇಬ್ಬನಿಯಲ್ಲಿ, ಬಡವನ ಮುಖದಲ್ಲಿ ಭಗವಂತನನ್ನು ಕಾಣಬಹುದೆಂದು ಹೇಳುವ ಆ ಪುಟವನ್ನು ತೆರೆದು ಅವರ ಮುಂದಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಅಡಿಟಿಪ್ಪಣಿಯನ್ನು ಕೊನೆಯವರೆಗೂ ಓದಿ, ವಿದ್ಯಾರ್ಥಿಗಳ ಧಾರ್ಮಿಕ ಸೇವೆಯ ವಿಭಾಗದ ಒಬ್ಬರು ನನ್ನೊಂದಿಗೆ ಸಹಸಂಚಾಲಕರಾಗಿರಬೇಕೆಂಬ ಒಂದೇ ಷರತ್ತಿನ ಮೇಲೆ ಒಪ್ಪಿಗೆ ಕೊಟ್ಟರು. ಆ ಷರತ್ತಿನಿಂದ ಕೂಟಕ್ಕೆ ಲಾಭವೇ ಆಯಿತು. ಕ್ರೈಸ್ತ ಪರಂಪರೆಯ ಸೂಕ್ಷ್ಮಗಳನ್ನು ವಿವರಿಸುವವರು ಪಕ್ಕದಲ್ಲಿದ್ದರೆ ಇತರ ಧರ್ಮದವರ ಮಾತಿಗೂ ಧೈರ್ಯ ಬರುತ್ತದೆ.

ಕೆಲಸ ಮುಗಿಯಿತೆಂದುಕೊಂಡಿದ್ದೆವು. ನಿಜವಾದ ತೊಡಕು ಶುರುವಾದದ್ದು ಮಾನವ ಸಂಪನ್ಮೂಲ ವಿಭಾಗದಲ್ಲಿ.

ಅಮೆರಿಕದ ಕಾರ್ಮಿಕ ಕಾನೂನಿನಲ್ಲಿ ನೌಕರರು ಸ್ಥೂಲವಾಗಿ ಎರಡು ಬಗೆ. ವಾರ್ಷಿಕ ಸಂಬಳದವರು ತಮ್ಮ ಕೆಲಸ ಮುಗಿಸಿಕೊಂಡರೆ ಸಾಕು, ಮಧ್ಯಾಹ್ನ ಒಂದು ಗಂಟೆ ಸಭೆಗೆ ಹೋದರೆ ಯಾರೂ ಲೆಕ್ಕ ಕೇಳುವುದಿಲ್ಲ. ಗಂಟೆ ಲೆಕ್ಕದ ಕೂಲಿಯವರಿಗೆ 1938ರ ನ್ಯಾಯಯುತ ಕಾರ್ಮಿಕ ಮಾನದಂಡಗಳ ಕಾಯ್ದೆ ಅನ್ವಯಿಸುತ್ತದೆ. ಅದರ ನಿಯಮಗಳ ಪ್ರಕಾರ, ಮಾಲೀಕರು ಐದರಿಂದ ಇಪ್ಪತ್ತು ನಿಮಿಷದ ಸಣ್ಣ ಬಿಡುವು ಕೊಟ್ಟರೆ ಅದಕ್ಕೆ ಕೂಲಿ ಕೊಡಬೇಕು. ಸಾಮಾನ್ಯವಾಗಿ 30 ನಿಮಿಷ ಅಥವಾ ಅದಕ್ಕೂ ಹೆಚ್ಚಿನ ಊಟದ ಬಿಡುವಿಗೆ ಕೊಡಬೇಕಾಗಿಲ್ಲ, ಆದರೆ ಆ ಹೊತ್ತಿನಲ್ಲಿ ಅವರು ಕೆಲಸದಿಂದ ಪೂರ್ತಿ ಬಿಡುಗಡೆಯಾಗಿರಬೇಕು. ಇನ್ನು ಸಭೆ, ತರಬೇತಿ, ಉಪನ್ಯಾಸಗಳ ಮಾತು. ಅವುಗಳ ಸಮಯವನ್ನು ಕೆಲಸವೆಂದು ಎಣಿಸದಿರಬೇಕಾದರೆ ನಾಲ್ಕು ಷರತ್ತುಗಳು ಒಟ್ಟಿಗೆ ಪೂರೈಸಬೇಕು. ಸಭೆ ಕೆಲಸದ ವೇಳೆಯ ಹೊರಗಿರಬೇಕು, ಬರುವುದು ಸ್ವಂತ ಇಚ್ಛೆಯಿಂದ ಆಗಿರಬೇಕು, ವಿಷಯ ನೌಕರಿಗೆ ನೇರವಾಗಿ ಸಂಬಂಧಿಸಿರಬಾರದು, ಅಲ್ಲಿ ಯಾವ ಕೆಲಸವನ್ನೂ ಮಾಡಿಸಬಾರದು. ನಮ್ಮ ಗ್ರಂಥಾಲಯದಲ್ಲಿ ಗಂಟೆ ಲೆಕ್ಕದವರ ಊಟದ ಬಿಡುವು ಅರ್ಧ ಗಂಟೆ. ನಡೆದು ಹೋಗಿ ಬರಲು ಹತ್ತು ನಿಮಿಷ ಕಳೆದರೆ, ಊಟವನ್ನೂ ಮಾಡಿ ಅಧ್ಯಾತ್ಮವನ್ನೂ ಚರ್ಚಿಸಲು ಉಳಿಯುವುದು ಎಷ್ಟು?

ಅವರು ಏಕೆ ಬರುತ್ತಿರಲಿಲ್ಲವೆಂಬುದು ಇದರಿಂದ ಸ್ಪಷ್ಟವಾಯಿತು. ಆಹ್ವಾನ ಪತ್ರದಲ್ಲಿ 'ಎಲ್ಲರಿಗೂ ಸ್ವಾಗತ' ಎಂದು ಬರೆದಿದ್ದರೂ ಆ ಗಂಟೆ ಎಲ್ಲರದೂ ಆಗಿರಲಿಲ್ಲ. ನಾವು ಕೇಳಿದ್ದು ಇಷ್ಟು: ತಿಂಗಳಿಗೊಮ್ಮೆ, ಒಂದು ಗಂಟೆ, ಕೂಲಿ ಕಡಿತವಿಲ್ಲದೆ. ನೌಕರರ ಆರೋಗ್ಯ ಶಿಬಿರಕ್ಕೂ ಲಸಿಕೆಗೂ ಇಂಥ ಬಿಡುಗಡೆ ಮೊದಲೇ ಇದ್ದುದರಿಂದ ಅದನ್ನೇ ಆಧಾರವಾಗಿ ತೋರಿಸಿದೆವು. ವಿಭಾಗದವರು ವಕೀಲರನ್ನು ಕೇಳಿದರು, ವಕೀಲರು ಇನ್ನಷ್ಟು ಪ್ರಶ್ನೆ ಕೇಳಿದರು. ಧಾರ್ಮಿಕ ಸಂಸ್ಥೆಗಳಿಗೆ ಕಾನೂನಿನಲ್ಲಿ ಕೆಲವು ವಿನಾಯಿತಿಗಳಿದ್ದರೂ, ಅಧ್ಯಾತ್ಮದ ಸಭೆಗೆ ಬರಲೇಬೇಕೆಂಬ ಒತ್ತಡ ಯಾರ ಮೇಲೂ ಇರಬಾರದೆಂಬುದು ಅವರ ಮುಖ್ಯ ಚಿಂತೆ. ಅದಕ್ಕೆ ನಾವೇ ಸೂಚಿಸಿದ ಪರಿಹಾರವನ್ನು ಒಪ್ಪಿಕೊಂಡರು. ಯಾರು ಬಂದರು, ಯಾರು ಬರಲಿಲ್ಲವೆಂಬ ಪಟ್ಟಿಯನ್ನು ನಾವು ಯಾವ ಮೇಲ್ವಿಚಾರಕರಿಗೂ ಕೊಡುವುದಿಲ್ಲ. ವರ್ಷದ ಮೌಲ್ಯಮಾಪನದಲ್ಲಿ ಇದರ ಉಲ್ಲೇಖವಿರುವುದಿಲ್ಲ. ಒಬ್ಬ ಮೇಲ್ವಿಚಾರಕರೂ ಅವರ ಕೈಕೆಳಗಿನವರೂ ಸಾಧ್ಯವಾದಷ್ಟೂ ಒಂದೇ ಮೇಜಿಗೆ ಕೂರುವುದಿಲ್ಲ. ಒಪ್ಪಿಗೆ ಬಾಯಿಮಾತಿನಲ್ಲಿ ಬಂದರೆ ಸಾಲದು, ಬರಹದಲ್ಲಿ ಪಡೆಯಿರಿ. ಮೇಲಿನವರು ಹೂಂ ಎಂದರೂ ದಿನನಿತ್ಯದ ಪಾಳಿ ಹಾಕುವವರು ಆ ಕಾಗದವನ್ನು ನೋಡದೆ ಯಾರನ್ನೂ ಕಳುಹಿಸುವುದಿಲ್ಲ.

ಸೆಪ್ಟೆಂಬರ್‌ನಲ್ಲಿ ಇನ್ನೊಂದು ಗೋಡೆ ಎದುರಾಯಿತು. ರಾತ್ರಿ ಪಾಳಿಯ ಸ್ವಚ್ಛತಾ ಸಿಬ್ಬಂದಿ ವಿಶ್ವವಿದ್ಯಾಲಯದ ನೌಕರರೇ ಅಲ್ಲ. ಅವರು ಗುತ್ತಿಗೆ ಕಂಪನಿಯವರು. ನಮ್ಮ ಇಮೇಲ್ ಪಟ್ಟಿಯಲ್ಲಿ ಅವರ ಹೆಸರಿಲ್ಲ, ಗ್ರಂಥಾಲಯದ ಕಾರ್ಡ್ ಅವರಿಗೆ ಇಲ್ಲ, ಮಿಷನ್ ಕಚೇರಿಯ ಹಣದಲ್ಲಿ ಅವರಿಗೆ ಪುಸ್ತಕ ಕೊಡಬಹುದೇ ಎಂಬುದೂ ಪ್ರಶ್ನೆಯೇ. ಗಾಡಿಗೆ ಪ್ರಾರ್ಥನಾ ಪುಸ್ತಕ ತೂಗುಹಾಕುವ ಆ ಮಹಿಳೆಯೂ ಅವರಲ್ಲಿ ಒಬ್ಬರು. ನಾನು ದಿನವೂ ನೋಡುವ, ಹೆಸರು ಹಿಡಿದು ಮಾತನಾಡಿಸುವ ಆ ಜನರನ್ನು ಕಾಗದದ ಮೇಲೆ ಹೊರಗಿನವರೆಂದು ಓದಿದಾಗ ಆದ ಸಂಕಟ ಇಂದಿಗೂ ಹೋಗಿಲ್ಲ. ಅವರು ನಮ್ಮ ಕೂಟದಲ್ಲಿ ಕುಳಿತಿರುವ ಹೊತ್ತಿನಲ್ಲಿ ಹೊಣೆ ಯಾರದು, ಜಾರಿಬಿದ್ದು ಪೆಟ್ಟಾದರೆ ವಿಮೆ ಯಾರದು ಎಂದು ಕಂಪನಿಯ ವ್ಯವಸ್ಥಾಪಕರು ಕೇಳಿದರು. ಆ ಪ್ರಶ್ನೆಗಳು ಬಗೆಹರಿಯುವಷ್ಟರಲ್ಲಿ ಮೊದಲ ಸೆಮಿಸ್ಟರ್ ಮುಗಿಯಿತು.

ಈ ನಡುವೆ ಪುಸ್ತಕಗಳ ವ್ಯವಸ್ಥೆ. ಇಲ್ಲಿ ಸಾಧಾರಣ ಅಧ್ಯಾತ್ಮದ ಪುಸ್ತಕವೊಂದು ಹದಿನೈದು-ಇಪ್ಪತ್ತು ಡಾಲರ್ ಬೀಳುತ್ತದೆ. ಎರಡು ಸೆಮಿಸ್ಟರ್, ಇಡೀ ಕೂಟ ಎಂದರೆ ನಮಗೆ ಸಿಕ್ಕ ಹಣ ಅರ್ಧಕ್ಕೂ ಸಾಲದು. ಗ್ರಂಥಾಲಯದ ಇ-ಪುಸ್ತಕವಿದೆಯಲ್ಲ ಎಂದು ಎಲ್ಲರೂ ಸಲಹೆ ಕೊಡುತ್ತಾರೆ. ಕೊಳ್ಳುವ ಮುನ್ನ ಪರವಾನಗಿಯನ್ನು ನೋಡಿಕೊಳ್ಳಿ, ಏಕೆಂದರೆ ಏಕಕಾಲಕ್ಕೆ ಒಬ್ಬರೇ ಓದಬಹುದಾದ ಪ್ರತಿ, ಮೂವರು ಓದಬಹುದಾದ ಪ್ರತಿ, ಮಿತಿಯಿಲ್ಲದ ಪ್ರತಿ ಎಂದು ಬೇರೆ ಬೇರೆ ಬೆಲೆಗಳಿರುತ್ತವೆ, ಒಬ್ಬರ ಪರವಾನಗಿಯ ಪ್ರತಿಯಿಂದ ಕೂಟ ನಡೆಯುವುದಿಲ್ಲ. ಹಕ್ಕುಸ್ವಾಮ್ಯವಿರುವ ಇಡೀ ಪುಸ್ತಕವನ್ನು ಸ್ಕ್ಯಾನ್ ಮಾಡಿ ಹಂಚುವ ಆಲೋಚನೆಯನ್ನಂತೂ ಬಿಟ್ಟುಬಿಡಿ.

'ಲೌದಾತೊ ಸಿ' ಆರಿಸಿದ್ದಕ್ಕೆ ಹಣವೂ ಒಂದು ಕಾರಣ. ವ್ಯಾಟಿಕನ್ನಿನ ಜಾಲತಾಣದಲ್ಲಿ ಅದು ಉಚಿತವಾಗಿ, ಇಂಗ್ಲಿಷ್ ಅಲ್ಲದೆ ಸ್ಪ್ಯಾನಿಷ್, ಪೋಲಿಷ್ ಮುಂತಾದ ಭಾಷೆಗಳಲ್ಲಿಯೂ ಸಿಗುತ್ತದೆ. ಅದರ ಆರು ಅಧ್ಯಾಯಗಳ 246 ಖಂಡಿಕೆಗಳಿಗೆ ಒಂದೇ ಸರಣಿಯ ಸಂಖ್ಯೆ ಇರುವುದರಿಂದ ಯಾರು ಯಾವ ಭಾಷೆಯಲ್ಲಿ, ಮುದ್ರಿತ ಪ್ರತಿಯಲ್ಲಿ ಓದಿದರೂ ಫೋನಿನಲ್ಲಿ ಓದಿದರೂ, 'ಅರವತ್ತೇಳು ತೆಗೆಯಿರಿ' ಎಂದರೆ ಎಲ್ಲರೂ ಒಂದೇ ಜಾಗಕ್ಕೆ ಬರುತ್ತಾರೆ. ಹಲವು ಭಾಷೆಯವರಿರುವ ಕೂಟಕ್ಕೆ ಇದು ಎಷ್ಟು ದೊಡ್ಡ ಅನುಕೂಲವೆಂಬುದು ನಡೆಸಿದವರಿಗೇ ಗೊತ್ತು. ಊಟದ ವಿಷಯ ಬೇಗ ಮುಗಿಸುತ್ತೇನೆ: ಕ್ಯಾಂಪಸ್ಸಿನೊಳಗೆ ಊಟ ಒದಗಿಸುವ ಹಕ್ಕು ಒಂದೇ ಕಂಪನಿಗಿದ್ದು, ಅವರ ಸ್ಯಾಂಡ್‌ವಿಚ್ ಪೊಟ್ಟಣದ ಬೆಲೆ ಪುಸ್ತಕದ ಬೆಲೆಯ ಹತ್ತಿರ ಬರುತ್ತಿತ್ತು. ಊಟವನ್ನು ಕೈಬಿಟ್ಟು ಆ ಹಣವನ್ನು ಪುಸ್ತಕಕ್ಕೆ ಹಾಕಿದೆವು, ಡಬ್ಬಿ ತಂದವರು ಹಂಚಿಕೊಂಡು ತಿಂದರು.

ಮೊದಲ ಸಭೆಗೆ ಬಂದವರು ಎರಡು ಬಗೆಯ ಅಂಜಿಕೆಯೊಂದಿಗೆ ಬಂದಿದ್ದರು. ದೇವರಲ್ಲಿ ನಂಬಿಕೆಯಿಲ್ಲದ ಪ್ರಯೋಗಾಲಯದ ಸಹೋದ್ಯೋಗಿಯೊಬ್ಬರು ಇದು ಮತಾಂತರದ ಮೊದಲ ಮೆಟ್ಟಿಲೇ ಎಂದು ನೇರವಾಗಿ ಕೇಳಿದರು. ವಯಸ್ಸಾದ ಕ್ಯಾಥೊಲಿಕ್ ಮಹಿಳೆಯೊಬ್ಬರು ಎಲ್ಲ ಧರ್ಮಗಳನ್ನೂ ಬೆರೆಸಿ ಕೊನೆಗೆ ಏನೂ ಉಳಿಯದಂತೆ ಮಾಡುತ್ತೀರೋ ಎಂದರು. ಇಬ್ಬರಿಗೂ ಒಂದೇ ಉತ್ತರ ಕೊಟ್ಟೆವು: ಇಲ್ಲಿ ಯಾರೂ ಯಾರನ್ನೂ ಒಪ್ಪಿಸುವುದಿಲ್ಲ, ಪುಸ್ತಕದ ಮಾತು ನಮ್ಮ ನಮ್ಮ ಬದುಕನ್ನು ಎಲ್ಲಿ ಮುಟ್ಟಿತೆಂದು ಹೇಳುತ್ತೇವೆ, ಉಳಿದವರು ಕೇಳುತ್ತಾರೆ. ಎರಡು ನಿಮಿಷ ಮೌನ, ಆಮೇಲೆ ಒಬ್ಬರು ಆರಿಸಿದ ಖಂಡಿಕೆಯನ್ನು ನಿಧಾನವಾಗಿ ಗಟ್ಟಿಯಾಗಿ ಓದುವುದು, ಮತ್ತೊಬ್ಬರು ಅದನ್ನೇ ಇನ್ನೊಮ್ಮೆ ಓದುವುದು, ಅನಂತರ ಮಾತು. ಕ್ರೈಸ್ತ ಮಠಗಳಲ್ಲಿ ಶತಮಾನಗಳಿಂದ ನಡೆದುಬಂದ ಓದಿನ ಪದ್ಧತಿಯಿಂದಲೇ ಇದನ್ನು ಸರಳಗೊಳಿಸಿ ತೆಗೆದುಕೊಂಡದ್ದು. ಮನೆಯಲ್ಲಿ ಓದಿ ಬರಲು ಆಗದವರೂ ಸಭೆಯಲ್ಲಿ ಎಲ್ಲರ ಸಮಾನರಾಗಿ ಮಾತನಾಡಬಹುದೆಂಬುದು ಇದರ ದೊಡ್ಡ ಗುಣ. ಎರಡೆರಡು ಕೆಲಸ ಮಾಡುವವರಿಗೆ ಮನೆಯಲ್ಲಿ ಓದುವ ಹೊತ್ತು ಎಲ್ಲಿಯದು?

ಕೊನೆಯ ಅಧ್ಯಾಯದಲ್ಲಿ 237ನೆಯ ಖಂಡಿಕೆ ವಾರದ ವಿಶ್ರಾಂತಿಯ ಬಗೆಗಿದೆ. ಎತ್ತಿಗೂ ಕತ್ತೆಗೂ ದಾಸಿಯ ಮಗನಿಗೂ ಪರದೇಶಿಗೂ ವಿರಾಮ ಸಿಗಲೆಂದು ಏಳನೆಯ ದಿನದ ಕೆಲಸವನ್ನು ನಿಷೇಧಿಸಿದ ಬೈಬಲ್ಲಿನ ಮಾತನ್ನು ಅದು ನೆನಪಿಸುತ್ತದೆ. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವವರೊಬ್ಬರು ಅದನ್ನು ಸ್ಪ್ಯಾನಿಷ್‌ನಲ್ಲಿ ಓದಿದರು. ಓದಿ ಮುಗಿಸಿ, ತಾನು ಭಾನುವಾರದ ಪೂಜೆಗೆ ಹೋಗದೆ ಬಹಳ ಕಾಲವಾಯಿತು, ಭಾನುವಾರ ಬೆಳಗ್ಗೆ ವಿದ್ಯಾರ್ಥಿಗಳ ಉಪಾಹಾರದ ಪಾಳಿ ಎಂದಿಗೂ ತನ್ನದೇ ಎಂದರು. ಆ ಪಾಳಿಯ ಪಟ್ಟಿ ಹಾಕುವ ಕಚೇರಿಯವರೊಬ್ಬರು ಪಕ್ಕದ ಮೇಜಿನಲ್ಲಿದ್ದರು. ಎರಡು ವಾರಗಳಲ್ಲಿ ಭಾನುವಾರದ ಪಾಳಿ ಸರದಿಯಂತೆ ಹಂಚಿಕೆಯಾಯಿತು. ಸಭೆಯಲ್ಲಿ ಯಾರೂ ಅದನ್ನು ಬೇಡಿಕೆಯಾಗಿ ಮುಂದಿಟ್ಟಿರಲಿಲ್ಲ. ಈ ಒಂದು ಬದಲಾವಣೆಗಾಗಿ ಇನ್ನೂ ಹತ್ತು ಕಚೇರಿ ಅಲೆಯಬೇಕಾಗಿದ್ದರೂ ನಾನು ಅಲೆಯುತ್ತಿದ್ದೆ.

ಜನವರಿಯಲ್ಲಿ ರಾತ್ರಿ ಪಾಳಿಯವರ ಕೂಟ ಆರಂಭವಾಯಿತು. ಕಂಪನಿ ಒಪ್ಪಿದ್ದು ಇಷ್ಟಕ್ಕೆ: ತಿಂಗಳಿಗೊಂದು ರಾತ್ರಿ ಅವರೆಲ್ಲರ ಊಟದ ಬಿಡುವನ್ನು ಒಂದೇ ಹೊತ್ತಿಗೆ ತಂದು, ಮುಕ್ಕಾಲು ಗಂಟೆಗೆ ಹೆಚ್ಚಿಸುವುದು. ಆ ಹೊತ್ತಿಗೆ ಕೂಲಿಯಿಲ್ಲ. ವಿಶ್ವವಿದ್ಯಾಲಯದ ಸ್ವಂತ ನೌಕರರಿಗೆ ಕೂಲಿಸಹಿತ ಗಂಟೆ, ಗುತ್ತಿಗೆಯವರಿಗೆ ಕೂಲಿಯಿಲ್ಲದ ಬಿಡುವು ಎಂಬ ಈ ಭೇದ ನನಗೆ ಒಪ್ಪಿಗೆಯಿಲ್ಲ. ಆದರೂ ಅವರೇ ಬೇಕೆಂದರು, ಆರಂಭಿಸಿದೆವು. ಗ್ರಂಥಾಲಯದ ಕಾರ್ಡಿಗೆ ಊರಿನ ನಿವಾಸಿಗಳಿಗೆ ಕೊಡುವ ಅತಿಥಿ ಕಾರ್ಡಿನ ದಾರಿ ಸಿಕ್ಕಿತು. ನಿಮ್ಮಲ್ಲಿಯೂ ಅಂಥ ಕಾರ್ಡ್ ಇದೆಯೇ ಎಂದು ಮೊದಲೇ ವಿಚಾರಿಸಿ.

ಎರಡನೆಯ ಸೆಮಿಸ್ಟರ್‌ನಲ್ಲಿ ಓದಿದ್ದು ಎ.ಕೆ. ರಾಮಾನುಜನ್ ಅವರು ಇಂಗ್ಲಿಷ್‌ಗೆ ತಂದ ವಚನಗಳ ಸಂಕಲನ. 1973ರಲ್ಲಿ ಪ್ರಕಟವಾದ ಆ ಪುಸ್ತಕದಲ್ಲಿ ಬಸವಣ್ಣ, ದೇವರ ದಾಸಿಮಯ್ಯ, ಮಹಾದೇವಿಯಕ್ಕ, ಅಲ್ಲಮಪ್ರಭು ನಾಲ್ವರೂ ಇದ್ದಾರೆ. ಮೈಸೂರಿನಲ್ಲಿ ಹುಟ್ಟಿ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ ರಾಮಾನುಜನ್ ಅವರ ಹೆಸರು ಇಲ್ಲಿನ ಪ್ರಾಧ್ಯಾಪಕರಿಗೆ ಗೊತ್ತಿತ್ತು. ವಚನಕಾರರು ಯಾರಿಗೂ ಗೊತ್ತಿರಲಿಲ್ಲ. ದೇಹವನ್ನೇ ದೇಗುಲವೆಂದ ಬಸವಣ್ಣನ ವಚನ ಬಂದಾಗ, ಮೊದಲ ದಿನ ಶಂಕಿಸಿದ್ದ ಆ ಹಿರಿಯ ಕ್ಯಾಥೊಲಿಕ್ ಮಹಿಳೆ ಕೊರಿಂಥದವರಿಗೆ ಪೌಲನು ಬರೆದ ಪತ್ರದಲ್ಲಿಯೂ ದೇಹವನ್ನು ದೇವಾಲಯವೆಂದೇ ಹೇಳಿದೆಯೆಂದು ತಮ್ಮ ಬೈಬಲ್ ತೆರೆದು ತೋರಿಸಿದರು. ರಾತ್ರಿ ಕೂಟದವರು ಹೆಚ್ಚು ಕೇಳಿದ್ದು ಶರಣರ ಕಾಯಕದ ಬಗ್ಗೆ. ಮಡಿವಾಳ ಮಾಚಯ್ಯ ಬಟ್ಟೆ ಒಗೆಯುತ್ತಿದ್ದ, ಅಂಬಿಗರ ಚೌಡಯ್ಯ ದೋಣಿ ನಡೆಸುತ್ತಿದ್ದ ಎಂದಾಗ ಅವರ ಮುಖಗಳು ಅರಳಿದವು. ಆ ಪುಸ್ತಕದಲ್ಲಿಲ್ಲದ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನಾನೇ ಹೇಳಿದೆ. ಗಂಡ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಈ ಆಸೆ ನಮಗೇಕೆ, ಸುರಿದು ಬಾ ಎಂದು ಆಕೆ ಹಿಂದಕ್ಕೆ ಕಳುಹಿಸಿದ ಕಥೆ ಅದು. ಪ್ರಾರ್ಥನಾ ಪುಸ್ತಕದ ಆ ಮಹಿಳೆ ಅದನ್ನು ಮತ್ತೊಮ್ಮೆ ಹೇಳಿಸಿ, ಪಕ್ಕದವರಿಗೆ ತಾನೇ ಸ್ಪ್ಯಾನಿಷ್‌ನಲ್ಲಿ ಹೇಳಿದರು.

ಇಲ್ಲಿನ ಆರ್ಥಿಕ ವರ್ಷ ಜುಲೈ 1ಕ್ಕೆ ಶುರುವಾಗುವುದರಿಂದ ಮುಂದಿನ ವರ್ಷದ ಹಣದ ಕೋರಿಕೆಯನ್ನು ಮೇ ಕೊನೆಯಲ್ಲಿಯೇ ಸಲ್ಲಿಸಿದ್ದೇವೆ. ನಿಮ್ಮ ಸಂಸ್ಥೆಯ ವರ್ಷ ಯಾವಾಗ ಶುರುವಾಗುತ್ತದೆಂದು ತಿಳಿದು ಅದಕ್ಕೆ ಮುಂಚೆಯೇ ಕೇಳಿ, ವರ್ಷದ ನಡುವೆ ಕೇಳಿದರೆ ಯಾರ ಬಳಿಯೂ ಹಣ ಇರುವುದಿಲ್ಲ. ಸ್ವಚ್ಛತೆಯ ಗುತ್ತಿಗೆ ನವೀಕರಣವಾಗುವಾಗ ತಿಂಗಳಿಗೆ ಒಂದು ಗಂಟೆಯ ಕೂಲಿಸಹಿತ ಬಿಡುಗಡೆಯನ್ನು ಕರಾರಿನಲ್ಲಿಯೇ ಸೇರಿಸಬೇಕೆಂದು ಕೋರುವ ಪತ್ರಕ್ಕೆ ಎರಡೂ ಕೂಟಗಳವರು ಸಹಿ ಮಾಡಿದ್ದಾರೆ, ಫಾದರ್ ಕೂಡ. ಉತ್ತರ ಇನ್ನೂ ಬಂದಿಲ್ಲ. ಮುಂದಿನ ಸೆಮಿಸ್ಟರ್‌ಗೆ ರಾತ್ರಿ ಕೂಟದವರು ಸಂತ ಅಗಸ್ಟೀನನ ಆತ್ಮನಿವೇದನೆಯನ್ನು ಆರಿಸಿದ್ದಾರೆ. ಅದರ ಹಳೆಯ ಅನುವಾದಗಳ ಹಕ್ಕುಸ್ವಾಮ್ಯ ಮುಗಿದಿರುವುದರಿಂದ ಧ್ವನಿಮುದ್ರಣ ಉಚಿತವಾಗಿ ಸಿಗುತ್ತದೆ, ಕೆಲಸ ಮಾಡುತ್ತಲೇ ಕಿವಿಯಲ್ಲಿಟ್ಟುಕೊಂಡು ಕೇಳಬಹುದೆಂಬುದು ಅವರು ಕೊಟ್ಟ ಕಾರಣ.